ನೂರಕ್ಕೆ ಹದಿನೈದರ ವಿನಯ

“ಗುರುಗಳೇ, ‘ನನಗೆ ಗೊತ್ತು’ ಎಂದು ಹೇಳುವುದು ಅಹಂಕಾರವಲ್ಲವೇ?”

ಕೇಳಿದವನು ಮರುಳಸಿದ್ಧ. ಮಠದಲ್ಲಿದ್ದುಕೊಂಡು ವರ್ಷಗಟ್ಟಲೆ ಗಣಿತ ಕಲಿತವನು. ಆ ಬೆಳಿಗ್ಗೆ ಊರಿನ ಹಿರಿಯರು ಬಂದಿದ್ದರು. ಶಾಲೆಗೆ ಗಣಿತದ ಮೇಷ್ಟ್ರು ಇರಲಿಲ್ಲ. ನೀನು ಬಂದು ಮಕ್ಕಳಿಗೆ ಹೇಳಿಕೊಡು ಎಂದು ಕೇಳಿದ್ದರು. “ನಾನೇನು ಬಲ್ಲೆ, ಇನ್ನೂ ಕಲಿಯುತ್ತಿರುವವನು” ಎಂದು ಅವನು ಕೈಮುಗಿದಿದ್ದ. ಅವರು ಬಂದ ದಾರಿಯಲ್ಲೇ ಹಿಂದಿರುಗಿದ್ದರು.

ಗುರುಗಳು ಹೇಳಿದರು: “ಕುಳಿತುಕೋ.”

ಅವನು ಕುಳಿತ. ಗುರುಗಳು ಕತೆ ಹೇಳಿದರು.

ಒಂದು ಪಟ್ಟಣ. ಅಲ್ಲಿ ಒಬ್ಬ ಲೆಕ್ಕಿಗ. ದುಡ್ಡಿನ ಲೆಕ್ಕದವನಲ್ಲ, ಗಾಳಿಯ ಲೆಕ್ಕದವನು.

ದೊಡ್ಡ ಕಟ್ಟಡಗಳಲ್ಲಿ ತಣ್ಣನೆಯ ಗಾಳಿ ತಾನಾಗಿ ಬರುವುದಿಲ್ಲ. ಯಂತ್ರ ತಳ್ಳಬೇಕು. ತಳ್ಳಿದ ಗಾಳಿಗೆ ದಾರಿ ಬೇಕು. ಆ ದಾರಿಯನ್ನು ತಗಡಿನಲ್ಲಿ ಮಾಡುತ್ತಾರೆ. ಛಾವಣಿಯ ಕೆಳಗೆ, ತೊಲೆಗಳ ಅಡಿಯಲ್ಲಿ ಹಾಯಿಸುತ್ತಾರೆ. ಅದಕ್ಕೆ ಡಕ್ಟ್ ಎಂದು ಹೆಸರು. ಡಕ್ಟ್ ಕಿರಿದಾದರೆ ಗಾಳಿ ಕಿರುಚುತ್ತದೆ. ಹಿರಿದಾದರೆ ತೊಲೆಯ ಕೆಳಗೆ ಹಿಡಿಸುವುದಿಲ್ಲ. ಆದ್ದರಿಂದ ಲೆಕ್ಕ ಬೇಕು.

ಹಿಂದೆ ಈ ಲೆಕ್ಕವನ್ನು ಅಂಕಿಗಳನ್ನು ಅಚ್ಚು ಹಾಕಿದ ರಟ್ಟಿನ ಚಕ್ರ ತಿರುಗಿಸಿ ಮಾಡುತ್ತಿದ್ದರು. ಒಂದು ಕಟ್ಟಡಕ್ಕೆ ವಾರಗಳು ಹಿಡಿಯುತ್ತಿದ್ದವು. ಲೆಕ್ಕಿಗ ಅದಕ್ಕೊಂದು ಸಾಫ್ಟ್‌ವೇರ್ ಬರೆದ. ವಾರಗಳ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು.

ಬರೆಯುವಾಗ ಕೊನೆಯಲ್ಲಿ ಅವನ ಕೈ ನಿಂತಿತು. ಇಷ್ಟೇ ಗಾಳಿ ಸಾಕು ಎಂದು ಖಚಿತವಾಗಿ ಹೇಳಲು ನಾನು ಯಾರು ಎನಿಸಿತು. ಬಂದ ಉತ್ತರಕ್ಕೆ ನೂರಕ್ಕೆ ಹದಿನೈದು ಹೆಚ್ಚು ಸೇರಿಸಿದ. ಇರಲಿ ಎಂದುಕೊಂಡ.

ಇದನ್ನು ಅವನು ಮುಚ್ಚಿಡಲಿಲ್ಲ. ಎಲ್ಲರಿಗೂ ಹೇಳಿದ. “ನಾನು ಸಣ್ಣವನು. ನನ್ನ ತಪ್ಪಿಗೆ ಜಾಗ ಬಿಟ್ಟಿದ್ದೇನೆ” ಎಂದ. ಎಷ್ಟು ವಿನಯ ಎಂದು ಜನ ಹೊಗಳಿದರು.

“ಅದು ಒಳ್ಳೆಯ ಗುಣವೇ ಅಲ್ಲವೇ?” ಎಂದ ಮರುಳಸಿದ್ಧ.

“ಕತೆ ಮುಗಿದಿಲ್ಲ” ಎಂದರು ಗುರುಗಳು.

ಲೆಕ್ಕಿಗ ಅಲ್ಲಿಗೆ ನಿಲ್ಲಲಿಲ್ಲ. ಸಾಫ್ಟ್‌ವೇರನ್ನು ವರ್ಷ ವರ್ಷ ತಿದ್ದಿದ. ಮೊದಲು ಅದು ಲೆಕ್ಕ ಮಾತ್ರ ಹಾಕುತ್ತಿತ್ತು. ನಂತರ ನಕ್ಷೆಯನ್ನೂ ಬರೆಯಿತು. ಒಂದು ಕವಲನ್ನು ಬದಲಿಸಿದರೆ ಉಳಿದ ಕವಲುಗಳೆಲ್ಲ ತಾವೇ ಬದಲಾಗುವಂತೆ ಮಾಡಿದ. ಡಕ್ಟ್ ಹೋಗಿ ತೊಲೆಗೆ ಬಡಿಯುವುದಾದರೆ ಕಂಪ್ಯೂಟರಿನ ತೆರೆಯ ಮೇಲೆ ಕೆಂಪು ಬಣ್ಣ ತೋರುವಂತೆ ಮಾಡಿದ. ಗಾಳಿ ಮಿತಿ ಮೀರಿ ಓಡಿದರೂ ಕೆಂಪು. ತಗಡು ಕತ್ತರಿಸುವವನಿಗೆ ಅಳತೆಗಳನ್ನು ಬಿಡಿಸಿಕೊಡುವುದೂ ಬಂತು. ಮೂಲೆ, ತಿರುವು, ಕವಲು, ಯಾವುದೂ ಬಿಟ್ಟುಹೋಗಲಿಲ್ಲ. ಆ ಸೀಮೆಯಲ್ಲಿ ಏಳುವ ಕಟ್ಟಡಗಳೆಲ್ಲ ಅವನ ಲೆಕ್ಕದಿಂದಲೇ ಉಸಿರಾಡಿದವು.

ಎಲ್ಲವೂ ಬದಲಾಯಿತು. ಆ ಹದಿನೈದು ಬದಲಾಗಲಿಲ್ಲ.

ಅದೇ ಪಟ್ಟಣದಲ್ಲಿ ಒಬ್ಬ ವರ್ತಕ. ಅವನಿಗೆ ವೀಣೆಯ ಹುಚ್ಚು. ವೀಣೆಗೆಂದೇ ಒಂದು ಸಭಾಂಗಣ ಕಟ್ಟಿಸಿದ. ರಸ್ತೆಯ ಸದ್ದು ಒಳಗೆ ಬಾರದಂತೆ ಗೋಡೆ ದಪ್ಪ ಮಾಡಿಸಿದ, ಕಿಟಕಿ ಇಡಿಸಲಿಲ್ಲ. ಕಿಟಕಿ ಇಲ್ಲದ ಮೇಲೆ ಡಕ್ಟ್ ಬೇಕು. ಲೆಕ್ಕಿಗನ ಸಾಫ್ಟ್‌ವೇರಿನಲ್ಲೇ ನಕ್ಷೆಯಾಯಿತು. ತಗಡು ಮೇಲೇರಿತು.

ಪರೀಕ್ಷೆಯ ದಿನ ಒಬ್ಬ ಹಿರಿಯ ವಿದುಷಿಯನ್ನು ಕರೆಸಿದರು. ಆಕೆ ಮೈಕು ಮುಟ್ಟುವವರಲ್ಲ. ಯಂತ್ರ ಹಾಕಿದರು. ಆಕೆ ತಂತಿ ಮೀಟಿದರು. ಮೊದಲ ಸಾಲಿನಲ್ಲಿ ಕುಳಿತಿದ್ದ ವರ್ತಕ ಮುಂದಕ್ಕೆ ಬಾಗಿದ. ಇನ್ನೂ ಬಾಗಿದ. ಛಾವಣಿಯಿಂದ ಗಾಳಿ ಹುಯ್ಯೆಂದು ಸುರಿಯುತ್ತಿತ್ತು. ವೀಣೆ ಕೇಳಿಸಲಿಲ್ಲ.

ವಿದುಷಿ ತಂತಿಯ ಮೇಲೆ ಅಂಗೈ ಇಟ್ಟರು.

“ಸಾಹುಕಾರರೇ, ಪಕ್ಕವಾದ್ಯ ಬಹಳ ಜೋರಾಯಿತು” ಎಂದರು. ಎದ್ದು ಹೋದರು.

ವರ್ತಕ ಲೆಕ್ಕಿಗನಿಗೆ ಹೇಳಿಕಳಿಸಿದ. ಅವನು ಬಂದ. ಬಂದವನೇ ಕೈಮುಗಿದ.

“ತಪ್ಪಾಗಿದ್ದರೆ ನನ್ನದೇ. ನಾನು ಸಣ್ಣವನು” ಎಂದ.

“ಸಣ್ಣವರೋ ದೊಡ್ಡವರೋ, ಅದನ್ನು ಮನೆಯಲ್ಲಿ ನೋಡಿಕೊಳ್ಳಿ” ಎಂದ ವರ್ತಕ. “ಅಕ್ಷಯ ತದಿಗೆಗೆ ಪ್ರಾರಂಭೋತ್ಸವ. ಅಷ್ಟರೊಳಗೆ ಈ ಸದ್ದು ಹೋಗಬೇಕು. ಇಲ್ಲದಿದ್ದರೆ ಈ ತಗಡನ್ನೆಲ್ಲ ಕಿತ್ತು ಗುಜರಿಗೆ ಹಾಕುತ್ತೇನೆ. ಜೊತೆಗೆ ನಿಮ್ಮ ಹೆಸರನ್ನೂ.”

ಲೆಕ್ಕಿಗನ ಬಳಿ ಇದ್ದದ್ದು ಅದೊಂದೇ. ಹೊಲವಿಲ್ಲ, ಅಂಗಡಿಯಿಲ್ಲ. ಹೆಸರು.

ಅವನು ನಕ್ಷೆಯನ್ನು ನೋಡಿದ, ಡಕ್ಟಿನ ಗಾಳಿಯನ್ನು ಅಳೆದ. ಬೇಕಾದ ಗಾಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ಗಾಳಿ ಅದರಲ್ಲಿ ಹರಿಯುತ್ತಿತ್ತು. ಅವನ ಹದಿನೈದರಿಂದ ಅಷ್ಟಾಗುವುದಿಲ್ಲ. ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೊರಟ.

ಮೊದಲು ವರ್ತಕನನ್ನೇ ಕೇಳಿದ. ಸಭಾಂಗಣದಲ್ಲಿ ಮುನ್ನೂರು ಕುರ್ಚಿ. ವರ್ತಕ ಬರೆಸಿದ್ದು ನಾನೂರು. “ನಾಳೆ ಜನ ಹೆಚ್ಚು ಬಂದರೆ? ಇರಲಿ ಎಂದು ಹೇಳಿದೆ” ಎಂದ ವರ್ತಕ. ಯಂತ್ರ ಮಾರಿದವನನ್ನು ಕೇಳಿದ. ಕೇಳಿದ್ದಕ್ಕಿಂತ ಒಂದು ಅಳತೆ ದೊಡ್ಡ ಫ್ಯಾನು ಕೊಟ್ಟಿದ್ದ. “ಚಿಕ್ಕದು ಕೊಟ್ಟು ಬೈಸಿಕೊಂಡವರುಂಟು, ದೊಡ್ಡದು ಕೊಟ್ಟು ಬೈಸಿಕೊಂಡವರಿಲ್ಲ. ಇರಲಿ ಎಂದು ಕೊಟ್ಟೆ” ಎಂದ ಅವನು.

ಕೊನೆಗೆ ನಕ್ಷೆ ಮಾಡಿದ ಎಂಜಿನಿಯರ್ ಬಳಿಗೆ ಹೋದ. ಆಕೆ ನೇರ ಮಾತಿನವಳು.

“ಬಿಸಿಲು ಹೆಚ್ಚಾದರೆ ಎಂದು ನಾನೂ ನೂರಕ್ಕೆ ಹತ್ತು ಸೇರಿಸಿದೆ” ಎಂದಳು. “ತೊಲೆಯ ಕೆಳಗೆ ಅಷ್ಟು ದೊಡ್ಡ ಡಕ್ಟಿಗೆ ಜಾಗವಿರಲಿಲ್ಲ. ಕಿರಿದು ಮಾಡಿದೆ.”

“ಗಾಳಿ ಮಿತಿ ಮೀರಿ ಓಡುತ್ತದೆ ಎಂದು ತೆರೆಯ ಮೇಲೆ ಕೆಂಪು ಬರಲಿಲ್ಲವೇ?”

“ಬಂತು.”

“ಮತ್ತೆ?”

ಆಕೆ ನಕ್ಕಳು. “ನಿಮ್ಮ ಕೆಂಪನ್ನು ಈ ಪಟ್ಟಣದಲ್ಲಿ ಯಾರು ನೋಡುತ್ತಾರೆ, ಸ್ವಾಮಿ? ನಿಮ್ಮ ಲೆಕ್ಕ ಹೆಚ್ಚೇ ಹೇಳುತ್ತದೆ ಎಂದು ಎಲ್ಲರಿಗೂ ಗೊತ್ತು. ನೀವೇ ಹೇಳಿಕೊಂಡು ತಿರುಗುತ್ತೀರಿ. ನೀವೇ ನಂಬದ ಲೆಕ್ಕವನ್ನು ನಾವು ಏಕೆ ನಂಬಬೇಕು?”

ಲೆಕ್ಕಿಗ ನಕ್ಷೆ ಮಡಿಸಿಕೊಂಡು ಎದ್ದ.

ಅವನು ಗಾಳಿ ಅಳೆಯುವ ಮೀಟರು ಹಿಡಿದು ಊರೆಲ್ಲ ತಿರುಗಿದ. ತನ್ನ ಸಾಫ್ಟ್‌ವೇರಿನಿಂದ ಕಟ್ಟಿದ ಆಫೀಸು, ಆಸ್ಪತ್ರೆ, ಬಟ್ಟೆ ಅಂಗಡಿ, ಒಂದನ್ನೂ ಬಿಡಲಿಲ್ಲ. ಒಂದು ಆಫೀಸಿನಲ್ಲಿ ಗಾಳಿ ಬೀಳುವ ಜಾಲರಿಗೆ ಯಾರೋ ರಟ್ಟು ಅಂಟಿಸಿದ್ದರು. ಇನ್ನೊಂದರಲ್ಲಿ ವೃತ್ತಪತ್ರಿಕೆ ಮಡಿಸಿ ತುರುಕಿದ್ದರು. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಹೆಂಗಸು ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತಿದ್ದಳು.

“ಅಮ್ಮ, ಚಳಿಯೇ?” ಎಂದು ಕೇಳಿದ.

“ಯಾವ ಪುಣ್ಯಾತ್ಮ ಈ ಗಾಳಿ ಬಿಟ್ಟನೋ! ಹೊರಗೆ ಹೋದರೆ ಬೇಸಿಗೆ, ಒಳಗೆ ಬಂದರೆ ಮಾಗಿ” ಎಂದಳು.

ಆ ಪುಣ್ಯಾತ್ಮ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದ.

ಅಳೆದದ್ದನ್ನೆಲ್ಲ ತನ್ನ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿದ. ಹದಿನೈದನ್ನು ಸೇರಿಸದ ಬರಿಯ ಲೆಕ್ಕ. ಅದು ಎಲ್ಲ ಕಟ್ಟಡಗಳಲ್ಲೂ ಸರಿಯಾಗಿತ್ತು. ಜನ ಸುಖವಾಗಿದ್ದ ಕಡೆಗಳಲ್ಲೆಲ್ಲ ರಟ್ಟು ಅಂಟಿಸಿ, ಕಾಗದ ತುರುಕಿ, ಅವರು ಗಾಳಿಯನ್ನು ಅವನ ಬರಿಯ ಲೆಕ್ಕಕ್ಕೇ ಇಳಿಸಿಕೊಂಡಿದ್ದರು. ಅವನು ಮೊದಲ ದಿನದಿಂದಲೂ ಸರಿಯಾಗಿ ಬಲ್ಲವನಾಗಿದ್ದ. ಬಲ್ಲೆ ಎಂದು ಹೇಳಿರಲಿಲ್ಲ, ಅಷ್ಟೇ.

ಅವನು ಹದಿನೈದನ್ನು ಅಳಿಸಿದ.

ಮತ್ತೆ ಒಂದು ಹೊಸ ಏರ್ಪಾಡು ಮಾಡಿದ. ಯಾರು ಬೇಕಾದರೂ ಲೆಕ್ಕಕ್ಕೆ ‘ಇರಲಿ’ ಎಂದು ಸೇರಿಸಬಹುದು. ಆದರೆ ಎಷ್ಟು ಸೇರಿಸಿದರು, ಏಕೆ ಸೇರಿಸಿದರು ಎಂದು ಬರೆದು ತಮ್ಮ ಹೆಸರು ಹಾಕಬೇಕು. ಆ ಹೆಸರು ನಕ್ಷೆಯ ಮೇಲೆ ಅಚ್ಚಾಗುತ್ತದೆ. ಏನೂ ಸೇರಿಸದಿದ್ದರೆ ನಕ್ಷೆಯ ಕೆಳಗೆ ಒಂದೇ ಹೆಸರು. ಲೆಕ್ಕಿಗನದು.

ಇದನ್ನು ಎಂಜಿನಿಯರ್‌ಗೆ ತೋರಿಸಿದ. ಆಕೆ ಸಭಾಂಗಣದ ಲೆಕ್ಕವನ್ನು ಹೊಸದಾಗಿ ಹಾಕಿದಳು. ಅಭ್ಯಾಸಬಲದಿಂದ ಹತ್ತು ಸೇರಿಸಲು ಹೋದಳು. ಕಾರಣವೇನು, ಹೆಸರೇನು ಎಂದು ತೆರೆ ಕೇಳಿತು.

“ಹೆದರಿಕೆಗೆ ಯಾರಪ್ಪ ಸಹಿ ಹಾಕುತ್ತಾರೆ!” ಎಂದಳು. ಹತ್ತನ್ನು ತೆಗೆದಳು.

ವರ್ತಕನ ಬಳಿಗೂ ಹೋದರು. ನಾನೂರು ಜನ ಎಂದು ಬರೆದರೆ ಪಕ್ಕದಲ್ಲಿ ತಮ್ಮ ಹೆಸರು ಬರುತ್ತದೆ ಎಂದರು. “ಮುನ್ನೂರು ಕುರ್ಚಿಗೆ ನಾನೂರು ಜನ ಎಂದರೆ ನಾಲ್ಕು ಜನ ನಗುವುದಿಲ್ಲವೇ? ಮುನ್ನೂರೇ ಹಾಕಿ” ಎಂದ ವರ್ತಕ.

ಉತ್ತರ ಬಂತು. ತೊಲೆಯ ಕೆಳಗಿದ್ದ ಡಕ್ಟೇ ಸಾಕು. ಕೆಂಪು ಎಲ್ಲಿಯೂ ಇರಲಿಲ್ಲ. ಫ್ಯಾನು ಮಾತ್ರ ಬದಲಾಗಬೇಕು. ಈಗಿರುವುದರ ಬದಲು ಅದಕ್ಕಿಂತ ಬಹಳ ಚಿಕ್ಕದು.

ವರ್ತಕ ಬೆಚ್ಚಿದ. “ಚಿಕ್ಕದೇ? ಅಕ್ಷಯ ತದಿಗೆಯ ಬಿಸಿಲು ಗೊತ್ತೇ ನಿಮಗೆ? ಕಿಟಕಿಯಿಲ್ಲ. ಮುನ್ನೂರು ಜನ ಇಡ್ಲಿಯ ಹಾಗೆ ಬೇಯುತ್ತಾರೆ.”

“ಬೇಯುವುದಿಲ್ಲ.”

“ಸ್ವಲ್ಪವಾದರೂ ಹೆಚ್ಚು ಇರಲಿ, ಲೆಕ್ಕಿಗರೇ.”

“ಬೇಡ.”

“ತಪ್ಪಾದರೆ?”

“ತಪ್ಪಿಲ್ಲ. ನಕ್ಷೆಯ ಕೆಳಗೆ ನನ್ನ ಹೆಸರಿದೆ.”

ವರ್ತಕ ಅವನ ಮುಖ ನೋಡಿದ. ಕೈಮುಗಿದು ನಿಂತಿದ್ದ ಮನುಷ್ಯ ಇವನೇನಾ ಎಂದು ನೋಡಿದ. ನಂತರ ಫ್ಯಾನು ಬದಲಿಸಲು ಹೇಳಿದ.

ಅಕ್ಷಯ ತದಿಗೆ ಬಂತು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಸಭಾಂಗಣ ತುಂಬಿತು. ಬಾಗಿಲು ಹಾಕಿದರು. ವಿದುಷಿ ವೇದಿಕೆಗೆ ಬಂದು ಕುಳಿತರು. ಮೊದಲು ತಲೆಯೆತ್ತಿ ಛಾವಣಿ ನೋಡಿದರು. ಕಿವಿಗೊಟ್ಟರು. ನಂತರ ತಂತಿ ಮೀಟಿದರು.

ಆ ಒಂದು ಸ್ವರ ಎದ್ದು ಹಿಂದಿನ ಸಾಲಿನವರೆಗೆ ಹೋಯಿತು. ಅದು ಆರುವುದೂ ಕೇಳಿಸಿತು.

ವರ್ತಕ ಛಾವಣಿಗೆ ಕಿವಿಗೊಟ್ಟ. ಸದ್ದೇ ಇಲ್ಲ. ಯಂತ್ರ ಹಾಕಿಲ್ಲ ಎಂದುಕೊಂಡ. ಜನ ಬೇಯುವ ಮೊದಲು ಹಾಕಿಸಬೇಕೆಂದು ಬಗ್ಗಿಕೊಂಡು ಎದ್ದ. ಗೋಡೆಯ ಬದಿಗೆ ಬಂದು ಮೇಲೆ ನೋಡಿದ. ಜಾಲರಿಗೆ ಕಟ್ಟಿದ್ದ ಕಾಗದದ ಎಳೆ ಅಲುಗುತ್ತಿತ್ತು. ಕೈಯೆತ್ತಿದ. ಅಂಗೈಗೆ ಗಾಳಿ ತಗುಲಿತು. ತಣ್ಣಗಿತ್ತು. ಹಿಂದಿರುಗಿ ಜನರನ್ನು ನೋಡಿದ. ಯಾರೂ ಬೀಸಣಿಗೆ ಹಿಡಿದಿರಲಿಲ್ಲ. ಯಾರೂ ಬೆವರು ಒರೆಸುತ್ತಿರಲಿಲ್ಲ. ಅವನು ಹೋಗಿ ತನ್ನ ಕುರ್ಚಿಯಲ್ಲಿ ಕುಳಿತ. ಆಮೇಲೆ ಏಳಲಿಲ್ಲ.

ಕಚೇರಿ ಮುಗಿಯಿತು. ವಿದುಷಿ ವೇದಿಕೆಯಿಂದ ಇಳಿದು ಬಂದರು.

“ಈ ಗಾಳಿಯ ಲೆಕ್ಕ ಮಾಡಿದವರು ಯಾರು?” ಎಂದು ಕೇಳಿದರು.

ಲೆಕ್ಕಿಗ ಅಲ್ಲೇ ಇದ್ದ. ಅಷ್ಟು ವರ್ಷ ಈ ಪ್ರಶ್ನೆಗೆ ಅವನು ಕೊಡುತ್ತಿದ್ದ ಉತ್ತರ ಬೇರೆ. ಎಲ್ಲ ಹಿರಿಯರ ಆಶೀರ್ವಾದ, ನನ್ನದೇನಿದೆ, ಏನೋ ತಿಳಿದಷ್ಟು ಮಾಡಿದ್ದೇನೆ ಎನ್ನುತ್ತಿದ್ದ. ಎಂಜಿನಿಯರ್ ಪಕ್ಕದಲ್ಲೇ ನಿಂತಿದ್ದಳು. ಏನು ಹೇಳುತ್ತಾನೋ ಎಂದು ನೋಡಿದಳು.

ಲೆಕ್ಕಿಗ ಬೆನ್ನು ನೆಟ್ಟಗೆ ಮಾಡಿದ.

“ನಾನು” ಎಂದ.

“ಚೆನ್ನಾಗಿ ಮಾಡಿದ್ದೀರಿ” ಎಂದರು ವಿದುಷಿ.

“ಹೌದು” ಎಂದ ಲೆಕ್ಕಿಗ.

ಯಾರೂ ಅವನನ್ನು ಅಹಂಕಾರಿ ಎನ್ನಲಿಲ್ಲ. ಆ ಸೀಮೆಯ ಎಂಜಿನಿಯರುಗಳು ಅಂದಿನಿಂದ ತೆರೆಯ ಮೇಲಿನ ಕೆಂಪನ್ನು ನೋಡತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ‘ನಾನು’ ಎಂಬುದನ್ನು ಬಿಡಬೇಕೆಂದು ನೀವೇ ಕಲಿಸಿದಿರಿ. ಆ ಲೆಕ್ಕಿಗ ದೊಡ್ಡವನು, ಅವನಿಗೆ ಸಲ್ಲುತ್ತದೆ. ನಾನು ಅಲ್ಪ. ನಿಮ್ಮ ಪಾದದ ಧೂಳು. ನನಗೆ ಬರುವುದು ನಾಲ್ಕಕ್ಷರ. ಅದೂ ನೆಟ್ಟಗೆ ಬಾರದು. ನನ್ನಂಥವನು ಮಕ್ಕಳ ಮುಂದೆ ಹೋಗಿ ನಿಂತು, ಬಲ್ಲೆ ಎಂದು, ಹೇಗೆ ತಾನೇ...”

ಗುರುಗಳು ಕೈಯೆತ್ತಿದರು.

“ಮರುಳಸಿದ್ಧ, ನಿನ್ನ ವಿನಯ ಬಹಳ ಸದ್ದು ಮಾಡುತ್ತಿದೆ.”