ಮೂರು ಬಣ್ಣ ಸೇರಿಸಿದ ಚೌಡ

ಹೂಂ ಅನ್ನೋರು ಇದ್ದರೆ ಹೇಳ್ತೀನಿ, ಕೇಳಿ. ತಿಪಟೂರಿನಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು. ಗಂಡ ಸತ್ತಮೇಲೆ ಅವನ ಟೀವಿ ರಿಪೇರಿ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಅವಳಿಗೊಬ್ಬ ಮಗ, ಚೌಡ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ತಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಕೆಲಸ ಬಾರದ ಇವನಿಗೆ ಹೆಣ್ಣು ಯಾರು ಕೊಡ್ತಾರೆ ಅನ್ನೋದೇ ಅವಳ ಕೊರಗು.

ಒಂದು ದಿನ ಮರಿಯಪ್ಪ ಮೇಷ್ಟ್ರು ತಮ್ಮ ಹಳೇ ವಾಲ್ವಿನ ಕಲರ್ ಟೀವಿ ತಂದಿಟ್ಟರು. "ಇದನ್ನ ಚೌಡ ಸರಿಮಾಡ್ಲಿ, ನನ್ನ ಮಗಳು ಕಮಲಾಕ್ಷೀನ ಕೊಡ್ತೀನಿ" ಅಂದರು.

ಒಳಗಿನ ಹೈವೋಲ್ಟೇಜಿನ ವಾಲ್ವು, ಅಂದರೆ ಗಾಜಿನ ಬುರುಡೆ, ಸತ್ತಿತ್ತು. ಅಂಥದ್ದು ಈಗ ಸಿಗೋದಿಲ್ಲ, ಬದಲಿ ಸರ್ಕೀಟು ಕೂರಿಸಬೇಕು.

"ಮಗಾ, ಪಿಕ್ಚರ್ ಟ್ಯೂಬಲ್ಲಿ ಇಪ್ಪತ್ತೈದು ಸಾವಿರ ವೋಲ್ಟು ಕೂತಿರ್ತದೆ. ಮೊದ್ಲು ಡಿಸ್ಚಾರ್ಜ್ ಮಾಡು" ಅಂತ ಹೇಳಿ ಅವ್ವ ಸಂತೆಗೆ ಹೋದಳು. ಬಂದು ನೋಡಿದರೆ ಟೀವಿಯೇ ಇಲ್ಲ.

"ಡಿಸ್ಚಾರ್ಜ್ ಮಾಡ್ದೆ ಕಣವ್ವ. ಆಟೋ ಹತ್ತಿಸಿ ಮನೆಗೆ ಕಳಿಸ್ದೆ. ಜೊತೇಲಿ ಎರಡು ಎಳನೀರೂ ಇಟ್ಟೆ."

"ಅಯ್ಯೋ ಪೆದ್ದುಮುಂಡೇದೆ, ಇದೇನು ಆಸ್ಪತ್ರೆಯೇನೋ? ಒಳಗಿರೋ ಕರೆಂಟನ್ನ ಖಾಲಿ ಮಾಡೋದು ಕಣೋ. ಅದನ್ನ ನಾನೇ ಮಾಡ್ತೀನಿ. ನೀನು ಟೀವಿಯೊಳಗೆ ಒಂದು ಕೈ ಹಾಕಿದ್ರೆ ಇನ್ನೊಂದು ಕೈ ಜೇಬಲ್ಲಿರ್ಲಿ. ಎರಡೂ ಹಾಕಿದ್ರೆ ಕರೆಂಟು ಎದೆ ಹಾದುಹೋಗ್ತದೆ."

ಇಬ್ಬರೂ ಮೇಷ್ಟ್ರ ಮನೆಗೆ ಹೋದರು. ಅವ್ವ ಟ್ಯೂಬಿನ ಕರೆಂಟು ಖಾಲಿ ಮಾಡಿದಳು. ಚೌಡ ಒಂದು ಕೈಯನ್ನು ಟೀವಿಗೆ ಹಾಕಿದ, ಇನ್ನೊಂದನ್ನು ಮೇಷ್ಟ್ರ ಜೇಬಿಗೆ ಹಾಕಿದ.

"ಏನಯ್ಯಾ ಇದು?"

"ನನ್ನ ಅಂಗೀಗೆ ಜೇಬಿಲ್ಲ ಸಾ."

ಅವ್ವ ಹಣೆ ಚಚ್ಚಿಕೊಂಡು ಅವನನ್ನು ಪಕ್ಕಕ್ಕೆ ತಳ್ಳಿದಳು. ಕೈಯಂದಾಜಿನಲ್ಲೇ ಸರ್ಕೀಟು ಕೂರಿಸಿದಳು. ಚಿತ್ರವೇನೋ ಬಂತು. ಆದರೆ ಮೇಷ್ಟ್ರು, "ಒಂದೊಂದು ಮುಖಕ್ಕೆ ಮೂರು ಮೂಗು ಕಾಣ್ತವೆ. ಕೆಂಪೊಂದು, ಹಸಿರೊಂದು, ನೀಲಿಯೊಂದು" ಅಂದರು.

ಅವ್ವನ ಕಣ್ಣಿಗೆ ಬಣ್ಣ ಕಾಣದು. ಇನ್ನು ಮಗನೇ ಗತಿ.

"ಮಗಾ, ಕೆಂಪು, ಹಸಿರು, ನೀಲಿ ಬೇರೆಬೇರೆ ಕಡೆ ನಿಂತವೆ. ನಿಧಾನಕ್ಕೆ ಜರುಗಿಸಿ ಮೂರನ್ನೂ ಒಂದೇ ಜಾಗಕ್ಕೆ ಸೇರ್ಸು. ಮೂರೂ ಸೇರಿ ಬೆಳ್ಳಗಾದ್ರೆ ಹುಡುಗಿ ನಿಂದೇ" ಅಂತ ಹೇಳಿ ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಳು.

ಚೌಡ ಸುತ್ತ ನೋಡಿದ. ಬಾಗಿಲ ಹತ್ತಿರ ಕೆಂಪು ಸೀರೆಯ ಮೇಷ್ಟ್ರ ಹೆಂಡತಿ, ಕಿಟಕಿ ಹತ್ತಿರ ಹಸಿರು ಸೀರೆಯ ಕಮಲಾಕ್ಷಿ, ಮೂಲೆಯಲ್ಲಿ ನೀಲಿ ಸೀರೆಯ ಅಜ್ಜಿ. "ಸ್ವಲ್ಪ ಈ ಕಡೆ ಜರುಗಿ, ಇನ್ನೂ ಸ್ವಲ್ಪ" ಅನ್ನುತ್ತಾ ಮೂವರನ್ನೂ ಮೇಷ್ಟ್ರು ಕೂತಿದ್ದ ಈಸಿಚೇರಿಗೆ ತಂದ. ರಿಪೇರಿ ಅಂದರೆ ಹೀಗೇ ಇರಬೇಕು ಅಂದುಕೊಂಡು ಅವರೂ ಒಬ್ಬರ ಮೇಲೊಬ್ಬರು ಕೂತರು. ಎಲ್ಲರಿಗಿಂತ ಮೇಲೆ ಕೂತ ಕಮಲಾಕ್ಷಿಗೆ ನಗು ತಡೆಯಲಾಗಲಿಲ್ಲ. ಅಡಿಯಲ್ಲಿದ್ದ ಮೇಷ್ಟ್ರ ಮುಖ ಮೊದಲು ಕೆಂಪಗಾಯಿತು, ಆಮೇಲೆ ಬೆಳ್ಳಗಾಯಿತು.

ಚೌಡ ಹಿತ್ತಲ ಕಡೆ ತಿರುಗಿ ಕೂಗಿದ: "ಅವ್ವಾ, ಬೆಳ್ಳಗಾದ್ರು. ಹುಡುಗಿ ಮೇಲೇ ಅವಳೆ, ಇಳಿಸ್ಕೊಳ್ಳಲಾ?"