ನಾಲ್ಕು ಬೆರಳ ದೂರ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠವಿತ್ತು. ಅಲ್ಲಿ ಇದ್ದದ್ದು ಇಬ್ಬರೇ. ಒಬ್ಬರು ಅಜ್ಜ, ಇನ್ನೊಬ್ಬ ಅವರ ಶಿಷ್ಯ ಅಡಿವೆಪ್ಪ.

ಅಡಿವೆಪ್ಪ ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಕೀಲಿಕೈ ಮಾಡಿದವನು. ನಲವತ್ತೈದಕ್ಕೆ ವೈರಾಗ್ಯ ಬಂತು. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮಠ ಸೇರಿದ. ಎಲ್ಲ ಬಿಟ್ಟು ಬಂದೆ ಎಂದು ಹೇಳಿಕೊಳ್ಳುತ್ತಿದ್ದ, ಆದರೆ ಅರಗಳ ಪೆಟ್ಟಿಗೆ ಹಾಸಿಗೆಯ ತಲೆದೆಸೆಯಲ್ಲೇ ಇರುತ್ತಿತ್ತು. ಅಜ್ಜ ಅದನ್ನು ಕಂಡೂ ಕಾಣದವರಂತೆ ಇದ್ದರು.

ಮಠದ ಹಿಂದೆ, ನದಿಗೆ ಇಳಿಯುವ ಮೆಟ್ಟಿಲುಗಳ ಹತ್ತಿರ, ಒಂದು ಬೈಕು ಹನ್ನೊಂದು ತಿಂಗಳಿಂದ ನಿಂತಿತ್ತು.

ಅದು ಪಕ್ಕದ ಊರಿನ ಶಿವಪುತ್ರನದು. ಒಂದು ಮಧ್ಯಾಹ್ನ ಅವನು ಬೈಕು ನಿಲ್ಲಿಸಿ ಮೆಟ್ಟಿಲಿನ ಕಡೆ ಹೋದದ್ದನ್ನು ಅಜ್ಜ ನೋಡಿದ್ದರು. ಆಮೇಲೆ ಅವನನ್ನು ಯಾರೂ ನೋಡಲಿಲ್ಲ. ದೋಣಿಯವರು ಎಂಟು ದಿನ ಹುಡುಕಿದರು. ಹೆಣ ಸಿಗಲಿಲ್ಲ, ಏರಿದ ಹೊಳೆ ಮೆಟ್ಟಿಲುಗಳನ್ನೇ ಮುಳುಗಿಸಿದ್ದರಿಂದ ಬಟ್ಟೆಯೂ ಸಿಗಲಿಲ್ಲ. ನದಿ ಒಯ್ದಿತು ಎಂದರು ಕೆಲವರು. ಯಾರ ಜೊತೆಗೋ ಗೋವಾಕ್ಕೆ ಓಡಿಹೋದ ಎಂದರು ಕೆಲವರು.

ಅವನ ಹೆಂಡತಿ ಕಸ್ತೂರಿ ಎರಡನೆಯ ಮಾತನ್ನೇ ಹಿಡಿದುಕೊಂಡಳು. ಓಡಿಹೋದರೂ ಹೋಗಲಿ, ಎಲ್ಲೋ ಒಂದು ಕಡೆ ಉಸಿರಾಡಿಕೊಂಡು ಇದ್ದಾನಲ್ಲ ಎಂಬುದೇ ಅವಳಿಗೆ ಸಮಾಧಾನ. ತಿರುಗಿ ಬಂದರೆ ಇಲ್ಲಿಗೇ ಬಂದು ಹುಡುಕುತ್ತಾನೆ ಎಂದು ಬೈಕನ್ನು ಅಲುಗಿಸಲು ಬಿಟ್ಟಿರಲಿಲ್ಲ.

ಈಗ ಅವಳಿಗೆ ಏಳು ಮೈಲಿ ದೂರದ ಶಾಲೆಯಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಆ ದಾರಿಗೆ ಬಸ್ಸಿಲ್ಲ. ಅಣ್ಣನ ಗಾಡಿಯ ಮೇಲೆ ಓಡಿಸುವುದನ್ನು ಕಲಿತಿದ್ದಳು. ಗಂಡನ ಬೈಕಿಗೆ ಇದ್ದ ಎರಡು ಕೀಲಿಕೈಗಳಲ್ಲಿ ಒಂದು ಎಂದೋ ಕಳೆದಿತ್ತು, ಇನ್ನೊಂದು ಅವನ ಜೊತೆ ಹೋಗಿತ್ತು. ಹೊಸದೊಂದು ಮಾಡಿಕೊಡಿ ಎಂದು ಕೇಳಲು ಬಂದಿದ್ದಳು.

ಅಜ್ಜ ಅಡಿವೆಪ್ಪನ ಕಡೆ ಕೈ ತೋರಿಸಿದರು. ಅಡಿವೆಪ್ಪನಿಗೆ ಒಳಗೊಳಗೇ ಖುಷಿಯಾಯಿತು.

ಅದು ಬರೀ ಹಲ್ಲು ಕೊರೆದು ಕೊಟ್ಟರೆ ಏಳುವ ಬೈಕಲ್ಲ. ಅದರ ಕೀಲಿಕೈಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಬೈಕಿಗೆ ಆ ಚಿಪ್ಪಿನ ಗುರುತು ಸಿಕ್ಕರೆ ಮಾತ್ರ ಇಂಜಿನ್ ಏಳುತ್ತದೆ. ಸಿಗದಿದ್ದರೆ ಕೀಲಿಕೈ ತಿರುಗುತ್ತದೆ, ಅಷ್ಟೇ. ಹಳೆಯದು ಒಂದೂ ಕೈಯಲ್ಲಿ ಇಲ್ಲದಾಗ ಹೊಸದನ್ನು ಗುರುತು ಮಾಡಿಸಬೇಕೆಂದರೆ, ಬೈಕಿನ ನೆನಪಿನಲ್ಲಿರುವ ಹಳೆಯ ಗುರುತುಗಳನ್ನೆಲ್ಲ ಅಳಿಸಬೇಕು.

ಕಸ್ತೂರಿಗೆ ಇದೆಲ್ಲ ಗೊತ್ತಿರಲಿಲ್ಲ. ಹೊರಡುವಾಗ ಅವಳು ಒಂದೇ ಒಂದು ಮಾತು ಕೇಳಿದಳು.

“ಅವ್ರು ಬರೂತನಕ ಅಷ್ಟ ರೀ ಅಣ್ಣಾರ. ಅವ್ರ ಹತ್ರ ಇರೋ ಚಾವೀನೂ ನಡೀತೈತಲ್ರಿ?”

“ನಡೀತೈತಿ,” ಎಂದ ಅಡಿವೆಪ್ಪ.

ಅವಳ ಮುಖ ಅರಳಿತು. ಸೋಮವಾರ ಬೆಳಿಗ್ಗೆ ಬರುತ್ತೇನೆ ಎಂದು ಹೋದಳು.

ಅಜ್ಜ ಶಿಷ್ಯನನ್ನೇ ನೋಡಿದರು. “ಖರೇನ ನಡೀತೈತೇನು?”

“ಇಲ್ರಿ ಅಜ್ಜಾರ. ಆಕಿಗೆ ಸಮಾಧಾನ ಆಗಲಿ ಅಂತ ಅಂದೆ.”

ಅಜ್ಜ ದನಕ್ಕೆ ನೀರು ಕುಡಿಸಲು ಎದ್ದರು.

ಮರುದಿನ ಅಡಿವೆಪ್ಪ ಬೈಕಿನ ಬ್ಯಾಟರಿಗೆ ಚಾರ್ಜು ಹಾಕಿ ತಂದು ಕೂರಿಸಿದ. ಮೀಟರಿನ ಪಕ್ಕದ ಕೆಂಪು ದೀಪ ಮಿಟುಕತೊಡಗಿತು. ಗುರುತಿನ ಕೀಲಿಕೈ ಹತ್ತಿರ ಇಲ್ಲ ಎಂದು ಅದರ ಅರ್ಥ. ಸರಿಯಾಗಿದೆ ಎಂದುಕೊಂಡು, ಒಂದು ಖಾಲಿ ಕೀಲಿಕೈಗೆ ಅರ ಹಾಕುತ್ತ ಅಲ್ಲೇ ನೆರಳಿಗೆ ಕೂತ.

ಸೂರ್ಯ ನೆತ್ತಿಗೆ ಬಂದಾಗ ದೀಪ ಮಿಟುಕುವುದನ್ನು ನಿಲ್ಲಿಸಿತು.

ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಬ್ಬ ಮನುಷ್ಯ ಮೈ ಒರೆಸಿಕೊಂಡು ಬಟ್ಟೆ ಹಾಕಿಕೊಳ್ಳುವಷ್ಟು ಹೊತ್ತು ದೀಪ ಸುಮ್ಮನಿತ್ತು. ಆಮೇಲೆ ಮತ್ತೆ ಮಿಟುಕಿತು.

ಮರುದಿನವೂ ಅದೇ ಹೊತ್ತಿಗೆ ಹಾಗೇ ಆಯಿತು. ಅಡಿವೆಪ್ಪ ಎದ್ದು ಹೋಗಿ ಸೀಟಿನ ಮೇಲೆ ಕೈಯಿಟ್ಟ. ಸೀಟು ಬಿಸಿಲಿಗೆ ಕಾದು ಸುಡುತ್ತಿತ್ತು. ಆದರೆ ಮುಂದುಗಡೆ, ಒಬ್ಬರು ಕೂರುವಷ್ಟು ಜಾಗ, ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು.

ಅವನು ಅಜ್ಜನ ಬಳಿ ಹೋಗಿ, ವೈರು ಎಲ್ಲೋ ಕೆಟ್ಟಿರಬೇಕು ಎಂದ. ಚಾವಿ ಬಂದರೆ ಮಾತ್ರ ಆ ದೀಪ ನಿಲ್ಲಬೇಕು, ಅದೂ ನಾಲ್ಕು ಬೆರಳ ದೂರಕ್ಕೆ ಬಂದರೆ ಮಾತ್ರ ಎಂದು ವಿವರಿಸಿದ.

“ಗಾಡಿ ಸುಳ್ಳು ಹೇಳಾಕತ್ತೈತ್ರಿ ಅಜ್ಜಾರ.”

“ಹೌದಾ?” ಎಂದರು ಅಜ್ಜ. “ಅದಕ್ಕ ಯಾರು ಕಲಿಸಿದ್ರು?”

ಅಡಿವೆಪ್ಪ ತಲೆ ತಗ್ಗಿಸಿದ. ಆದರೆ ಕಲಿಯಲಿಲ್ಲ. ಅವನಿಗೆ ಈಗ ಹೆದರಿಕೆ ಹತ್ತಿತ್ತು, ಹೆದರಿದವನಿಗೆ ಯಾವುದಾದರೂ ಒಂದು ಕೆಲಸ ಬೇಗ ಮುಗಿಸಿಬಿಡಬೇಕು ಅನ್ನಿಸುತ್ತದೆ. ತಮ್ಮನಿಗೆ ಫೋನು ಮಾಡಿ ಗುರುತು ಹಾಕುವ ಯಂತ್ರವನ್ನೂ ಹೊಸ ಚಿಪ್ಪನ್ನೂ ತರಿಸಿಕೊಂಡ. ಗುರುವಾರ ಬೆಳಿಗ್ಗೆ ಯಂತ್ರವನ್ನು ಬೈಕಿಗೆ ಜೋಡಿಸಿದ.

ಹಳೆಯ ಗುರುತುಗಳನ್ನೆಲ್ಲ ಅಳಿಸಲೇ ಎಂದು ಯಂತ್ರ ಕೇಳಿತು. ಅವನು ಒತ್ತಿದ.

ಹೊಸ ಕೀಲಿಕೈ ತಿರುಗಿಸಿದ ಕೂಡಲೇ ಇಂಜಿನ್ ಎದ್ದಿತು. ಇಪ್ಪತ್ತು ವರ್ಷದ ಕೈ ಇನ್ನೂ ಹಾಳಾಗಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು. ನಿಲ್ಲಿಸಿ, ಕೀಲಿಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ.

ಆ ಮಧ್ಯಾಹ್ನ ದೀಪ ನಿಲ್ಲಲಿಲ್ಲ. ಮಿಟುಕುತ್ತಲೇ ಇತ್ತು.

ಅಡಿವೆಪ್ಪ ನಿಟ್ಟುಸಿರು ಬಿಡುವಷ್ಟರಲ್ಲಿ ಕೀಲಿ ತಿರುಗಿದ ಸಪ್ಪಳ ಕೇಳಿತು. ಟಕ್.

ಕೀಲಿಯ ತೂತಿನಲ್ಲಿ ಏನೂ ಇರಲಿಲ್ಲ. ಹೊಸ ಕೀಲಿಕೈ ಅವನ ಸೊಂಟದಲ್ಲೇ ಇತ್ತು. ಕೀಲಿ ತಿರುಗಿತು, ಇಂಜಿನ್ ಏಳಲಿಲ್ಲ. ಮತ್ತೆ ಹಿಂದಕ್ಕೆ ತಿರುಗಿತು. ಮತ್ತೆ ಮುಂದಕ್ಕೆ. ಟಕ್. ಅವಸರವಿರಲಿಲ್ಲ, ಸಿಟ್ಟಿರಲಿಲ್ಲ. ಮನೆಗೆ ಹೊರಟವನು ಗಾಡಿ ಇವತ್ತು ಯಾಕೆ ಏಳುತ್ತಿಲ್ಲ ಎಂದು ತಿಳಿಯದೆ ತಿರುಗಿಸಿ ನೋಡುವ ಹಾಗಿತ್ತು.

ಶುಕ್ರವಾರ ಅದು ಮಧ್ಯಾಹ್ನದಿಂದ ಇಳಿಹೊತ್ತಿನ ತನಕ ನಡೆಯಿತು. ಶನಿವಾರ ಅಡಿವೆಪ್ಪ ಮಠದೊಳಗೆ ಬಾಗಿಲು ಹಾಕಿಕೊಂಡು ಜಪಕ್ಕೆ ಕೂತ. ಜಪದ ನಡುವೆ ನಡುವೆ ಟಕ್ ಎನ್ನುವುದು ಕೇಳುತ್ತಲೇ ಇತ್ತು. ಅವನ ಕಣ್ಣಲ್ಲಿ ನೀರು ಬಂತು. ಹೆದರಿಕೆಗಿಂತ ಹೆಚ್ಚಾಗಿ ಪಾಪ ಅನ್ನಿಸಿ ಬಂತು.

ಅಜ್ಜನ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದ.

“ಅಳಿಸಿದ್ದನ್ನ ತಿರುಗಿ ಬರಿಯಾಕ ಆಗೂದಿಲ್ಲೇನು?” ಎಂದು ಕೇಳಿದರು ಅಜ್ಜ.

ಆಗುತ್ತದೆ, ಆದರೆ ಅದಕ್ಕೆ ಆ ಹಳೆಯ ಚಾವಿಯೇ ಕೈಯಲ್ಲಿರಬೇಕು ಎಂದ ಅಡಿವೆಪ್ಪ.

“ಯಾರ ಹತ್ರ ಐತಿ ಅದು?”

ಅಡಿವೆಪ್ಪ ನದಿಯ ಕಡೆ ಮುಖ ತಿರುಗಿಸಿದ.

“ಇದ್ದವರನ್ನ ಕೇಳಬೇಕಪಾ,” ಎಂದರು ಅಜ್ಜ.

ರವಿವಾರ ಬಿಸಿಲು ಏರಿದ ಮೇಲೆ ಅಜ್ಜ ಅವನ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಬೈಕಿನ ಪಕ್ಕ ನೆಲದ ಮೇಲೆ ಕೂರಿಸಿದರು. ಅವನ ಬಲಗೈ ಬಿಡಿಸಿ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟರು. ಆಮೇಲೆ ಹಿಂತಿರುಗಿ ನೋಡದೆ ಮಠಕ್ಕೆ ಹೊರಟುಹೋದರು.

ಕೀಲಿ ಟಕ್ ಎಂದಿತು.

ಅಡಿವೆಪ್ಪ ಕಣ್ಣು ಮುಚ್ಚಿದ. ಏನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಮಂತ್ರಗಳೆಲ್ಲ ಮರೆತುಹೋಗಿದ್ದವು. “ತಪ್ಪಾತೋ ಶಿವಪುತ್ರಾ,” ಎಂದ. “ನಿನ್ನ ಗುರುತು ನಾನ ಅಳಿಸೇನಿ. ನಿನ್ನ ಕೇಳಲಿಲ್ಲ, ಆಕಿನ್ನೂ ಕೇಳಲಿಲ್ಲ. ಚಾವಿ ಕೊಡಪಾ.”

ಸಪ್ಪಳ ನಿಂತಿತು.

ಬಹಳ ಹೊತ್ತು ಏನೂ ಆಗಲಿಲ್ಲ. ಮೊದಲು ಅಂಗೈಗೆ ಒಂದು ಹನಿ ನೀರು ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ತಣ್ಣನೆಯ ಭಾರವೊಂದು ಬಂದು ಕೂತಿತು.

ಕಣ್ಣು ತೆರೆದಾಗ ಅಂಗೈಯಲ್ಲಿ ಕೀಲಿಕೈ ಇತ್ತು. ಅದರ ಹಲ್ಲುಗಳ ನಡುವೆ ಹೊಳೆಯ ಕೆಸರಿತ್ತು. ತೂತಿನಲ್ಲಿ ಕರಿ ಉಡದಾರದ ತುಂಡು ಗಂಟು ಹಾಕಿಕೊಂಡಿತ್ತು. ಮೀಯಲು ಇಳಿಯುವಾಗ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಳ್ಳುವುದು ಆ ಕಡೆಯ ಗಂಡಸರ ರೂಢಿ.

ಅವನು ಓಡಿಹೋಗಿ ಯಂತ್ರ ತಂದ. ಹಳೆಯ ಗುರುತನ್ನು ಈಗಲೇ ತಿರುಗಿ ಸೇರಿಸಿಬಿಟ್ಟರೆ ಎರಡೂ ನಡೆಯುತ್ತವೆ, ತಾನು ಕಸ್ತೂರಿಗೆ ಹೇಳಿದ ಮಾತು ನಿಜವೇ ಆಗುತ್ತದೆ, ಅವಳಿಗೆ ಏನೂ ಹೇಳುವ ಗೊಡವೆಯೇ ಇರುವುದಿಲ್ಲ. ಯಂತ್ರವನ್ನು ಜೋಡಿಸುವಾಗ ಮಠದ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಜ್ಜ ಕೇಳಿದರು.

“ಈ ಸಲ ಯಾರನ್ನ ಕೇಳಿದಿ?”

ಅಡಿವೆಪ್ಪನ ಕೈ ನಿಂತಿತು. ಯಂತ್ರವನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದ.

ಸೋಮವಾರ ಹೊತ್ತು ಹುಟ್ಟುವಾಗಲೇ ಕಸ್ತೂರಿ ಬಂದಳು. ಹೊಸ ಸೀರೆ ಉಟ್ಟಿದ್ದಳು, ಶಾಲೆಯಲ್ಲಿ ಅದು ಮೊದಲ ದಿನ. ಅಡಿವೆಪ್ಪ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ತಾನು ಆಡಿದ ಸುಳ್ಳಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಒಂದನ್ನೂ ಬಿಡಲಿಲ್ಲ. ಕೊನೆಗೆ ಹಳೆಯ ಕೀಲಿಕೈಯನ್ನು ಅವಳ ಮುಂದೆ ಇಟ್ಟ.

ಅವಳು ಮೊದಲು ಅದನ್ನು ಮುಟ್ಟಲಿಲ್ಲ. ಬಗ್ಗಿ ಉಡದಾರದ ಗಂಟನ್ನು ನೋಡಿದಳು.

“ಈ ಗಂಟು ನಂದ್ರಿ,” ಎಂದಳು. “ಅವ್ರಿಗೆ ಗಂಟು ಹಾಕಾಕ ಬರತಿದ್ದಿಲ್ಲ.”

ಆಮೇಲೆ ಅತ್ತಳು. ಹನ್ನೊಂದು ತಿಂಗಳು ಅವಳು ಯಾರ ಮುಂದೆಯೂ ಅತ್ತಿರಲಿಲ್ಲ. ಅತ್ತರೆ ಊರವರ ಮೊದಲನೆಯ ಮಾತನ್ನು ಒಪ್ಪಿಕೊಂಡ ಹಾಗಾಗುತ್ತದೆ ಎಂದು ತಡೆದುಕೊಂಡಿದ್ದಳು. ಅಡಿವೆಪ್ಪನಿಗೆ ಎಲ್ಲಿಗಾದರೂ ಎದ್ದುಹೋಗಬೇಕು ಅನ್ನಿಸಿತು. ಅಜ್ಜ ಕೂತಲ್ಲಿಂದ ಅಲುಗದ್ದನ್ನು ನೋಡಿ ಅವನೂ ಕೂತ.

ಕಣ್ಣೊರೆಸಿಕೊಂಡ ಮೇಲೆ ಅವಳು ಅಡಿವೆಪ್ಪನ ಕಡೆ ತಿರುಗಿದಳು. “ನೀವು ನನಗ ಅವತ್ತ ಹೇಳಬೇಕಿತ್ರಿ,” ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿತ್ತು. ಅಡಿವೆಪ್ಪ ಕೈ ಮುಗಿದ.

ಈಗಲಾದರೂ ಕೇಳುತ್ತೇನೆ ಎಂದು ಅವನು ಕೇಳಿದ. ಹಳೆಯದು ಕೈಗೆ ಬಂದಿದೆ, ನೀವು ಹೇಳಿದರೆ ಅದರ ಗುರುತನ್ನು ತಿರುಗಿ ಹಾಕುತ್ತೇನೆ. ಎರಡೂ ನಡೆಯುತ್ತವೆ.

ಕಸ್ತೂರಿ ಬೈಕನ್ನು ನೋಡಿದಳು, ಮೆಟ್ಟಿಲುಗಳನ್ನು ನೋಡಿದಳು.

“ಬ್ಯಾಡ್ರಿ ಅಣ್ಣಾರ. ಹಂಗ ಮಾಡಿದ್ರ ಅವ್ರು ದಿನಾ ಬಂದು ಇಲ್ಲೇ ಕುಂಡ್ರತಾರ. ನಾನೂ ದಿನಾ ಬಂದು ಇಲ್ಲೇ ಕುಂಡ್ರತೀನಿ.”

ಆಮೇಲೆ ಅವಳು ಅಜ್ಜನಿಗೆ ಹೇಳಿದಳು. ಮನೆಯಲ್ಲಿ ಅತ್ತೆ ಇದ್ದಾರೆ. ಮಗನನ್ನು ಮಣ್ಣು ಮಾಡಬೇಕೆಂದರೆ ಮಣ್ಣಿಗೆ ಇಡಲು ಏನೂ ಇಲ್ಲ ಎಂದು ಅವರು ದಿನಾ ಅಳುತ್ತಾರೆ. ಏನೂ ಇಲ್ಲದೆ ಎಂಥ ಮಣ್ಣು ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಶಾಲೆಯವರಿಗೆ ನಾಳೆ ಬರುತ್ತೇನೆ ಎಂದು ಹೇಳಿ ಕಳಿಸುತ್ತೇನೆ, ಇವತ್ತು ಮಣ್ಣಿಗೆ ಇಡಲು ಈ ಕೀಲಿಕೈಯನ್ನು ಮನೆಗೆ ಒಯ್ಯುತ್ತೇನೆ.

“ಒಯ್ಯಿ ಮಗಳ,” ಎಂದರು ಅಜ್ಜ.

ಅವಳು ಹಳೆಯ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಡಿವೆಪ್ಪ ಹೊಸದನ್ನು ಕೊಟ್ಟ. ಅವಳು ಬೈಕಿನ ಧೂಳು ಒರೆಸಿ, ಹತ್ತಿ ಕೂತು, ಕೀಲಿಕೈ ತಿರುಗಿಸಿದಳು. ಇಂಜಿನ್ ಎದ್ದಿತು.

ಹಿಂದಿನ ಸೀಟು ಖಾಲಿ ಇತ್ತು. ಆದರೆ ಅವಳು ಗೇರು ಹಾಕುವ ಮುನ್ನ, ಒಂದು ಆಳು ಹತ್ತಿ ಕೂತರೆ ಎಷ್ಟು ಕುಗ್ಗಬೇಕೋ ಅಷ್ಟು ಬೈಕಿನ ಹಿಂಭಾಗ ಕುಗ್ಗಿತು. ಸೀಟಿನ ಅಂಚಿನಿಂದ ಒಂದು ಹನಿ ನೀರು ಮಣ್ಣಿಗೆ ಬಿತ್ತು.

ಕಸ್ತೂರಿ ಹಿಂತಿರುಗಿ ನೋಡಲಿಲ್ಲ. ಸೀಟಿನ ಮೇಲೆ ಒಂದಿಷ್ಟು ಮುಂದಕ್ಕೆ ಸರಿದು ಕೂತಳು. ಬೈಕು ನಿಧಾನವಾಗಿ ಊರ ದಾರಿ ಹಿಡಿಯಿತು.

ಅಡಿವೆಪ್ಪ ಕೂಗಲು ಬಾಯಿ ತೆರೆದ. ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟರು.

“ಸುಮ್ಮನಿರು. ಇಷ್ಟು ವರ್ಷ ಆಕಿ ಹಿಂದ ಕುಂತಿದ್ಲು. ಇವತ್ತೊಂದಿನ ಅವ ಕುಂಡ್ರಲಿ.”