ಕಂಪ್ಯೂಟರಿಗೆ ಮಜ್ಜಿಗೆ ಕೊಟ್ಟ ಚಿಕ್ಕಬೋರ

ಹೂಂಗುಟ್ಟೋರು ಹೂಂಗುಟ್ಟಿ. ನಗೋರು ಮೊದಲು ಬಾಯಲ್ಲಿರೋ ಎಲೆಅಡಿಕೆ ಉಗಿದು ಬನ್ನಿ. ನಡುವೆ ಗಂಟಲಿಗೆ ಸಿಕ್ಕಿಕೊಂಡರೆ ಹೇಳೋನ ತಪ್ಪಲ್ಲ.

ಹೊಂಗೆಮಾಳ ಅಂತ ಒಂದೂರು. ಆ ಊರಲ್ಲಿ ಸಣ್ಣತಾಯಮ್ಮ. ರವಿಕೆಗೆ ಹೂವು, ಬಳ್ಳಿ, ನವಿಲು ಹಾಕೋ ಮಿಷನ್ನೇ ಆಕೆಯ ಅನ್ನ. ಆ ಮಿಷನ್ನಿಗೆ ಸೂಜಿ ಎಲ್ಲಿ ಇಳಿಸಬೇಕು ಅಂತ ಹೇಳಿಕೊಡೋದು ಒಂದು ಕಂಪ್ಯೂಟರು. ಆಕೆ ಹಾಕಿದ ನವಿಲು ಕಂಡು ಕಾಡಿನ ನವಿಲೊಂದು ನಾಚಿಕೊಂಡು ಗರಿ ಮಡಚಿತು ಅಂದರೆ ನೀವೇ ಲೆಕ್ಕ ಹಾಕಿ. ಅಂಥಾಕೆಗೆ ಒಬ್ಬನೇ ಮಗ, ಚಿಕ್ಕಬೋರ. ಮೈಯಲ್ಲಿ ಎರಡೆತ್ತಿನ ಬಲ, ತಲೆಯಲ್ಲಿ ಅದೇ ಎತ್ತುಗಳ ಬುದ್ಧಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಗೋಳು!

"ದೇವರೇ, ಮಾತು ಕೇಳೋ ಮಗ ಬೇಕು ಅಂತ ಹರಕೆ ಹೊತ್ತೆ. ಇಷ್ಟೊಂದು ಕೇಳೋನು ಬೇಕು ಅಂದಿದ್ನಾ?" ಅಂತ ಸಣ್ಣತಾಯಮ್ಮ ದಿನಾ ಹಣೆ ಚಚ್ಚಿಕೊಳ್ಳೋಳು.

ಕಂಪ್ಯೂಟರಿಗೆ ವಯಸ್ಸಾಯಿತು. ಎಷ್ಟು ವಯಸ್ಸು ಅಂತೀರಿ? ಬೆಳಿಗ್ಗೆ ಗುಂಡಿ ಒತ್ತಿದರೆ, ಸಣ್ಣತಾಯಮ್ಮ ಮುದ್ದೆ ತಿರುವಿ, ಉಂಡು, ಪಾತ್ರೆ ಬೆಳಗಿ, ಪಕ್ಕದ ಮನೆಯವಳ ಹತ್ತಿರ ಜಗಳವಾಡಿ, ರಾಜಿಯೂ ಆಗಿ ಬರೋ ಹೊತ್ತಿಗೆ ಅದು ಕಣ್ಣು ಬಿಡ್ತಿತ್ತು!

ಇಂಥ ಹೊತ್ತಲ್ಲೇ ಪಕ್ಕದೂರಿನ ಜವನಮ್ಮ ಮಗಳ ಮದುವೆ ರವಿಕೆ ತಂದುಕೊಟ್ಟಳು.

"ಬೆನ್ನ ತುಂಬ ಗರಿ ಬಿಚ್ಚಿದ ನವಿಲು ಬೇಕು ಕಣೇ ತಾಯಮ್ಮ. ಶುಕ್ರವಾರ ಸಂಜೆ ಬತ್ತೀನಿ, ಶನಿವಾರ ಧಾರೆ. ತಪ್ಪಿಸಿದೆಯೋ, ನಮ್ಮೂರಿನ ಒಂದು ರವಿಕೆಯೂ ನಿನ್ನ ಹೊಸ್ತಿಲು ದಾಟಲ್ಲ!"

ಊರೋರೆಲ್ಲ, "ಹಳೇದನ್ನ ಬಿಸಾಕು, ಹೊಸದು ತಗೋ" ಅಂದರು. ಸಣ್ಣತಾಯಮ್ಮನಿಗೆ ಮನಸ್ಸು ಬರಲಿಲ್ಲ. ಅತ್ತೆ ಕೈಯಾರೆ ಬಿಡಿಸಿಕೊಟ್ಟ ನವಿಲು, ಗಿಣಿ ಎಲ್ಲ ಆ ಹಳೇದರ ಹೊಟ್ಟೇಲಿದ್ದವು. ಹೊಸದು ಬಂದರೆ ಹಳೇ ಮಿಷನ್ನಿನ ಜೊತೆ ಹೊಂದಿಕೊಳ್ಳುತ್ತೋ, ಸೊಸೆ ಥರ ಮುಖ ತಿರುಗಿಸುತ್ತೋ!

ಪೇಟೆಯ ರಿಪೇರಿ ನಿಂಗರಾಜಣ್ಣ ಫೋನಲ್ಲಿ ಅಂದ: "ಮೆಮೊರಿ ಪಟ್ಟಿ ಅಂತ ಒಂದು ಬತ್ತದೆ, ಅದನ್ನ ಹಾಕಿ ನೋಡಣ. ಚುರುಕಾದರೆ ಹಳೇದೇ ಇರಲಿ, ಇಲ್ಲದಿದ್ದರೆ ಹೊಸದು. ಮಗನ್ನ ಕಳಿಸಮ್ಮ. ಸಿಕ್ಕಿಸೋದು ಹೆಂಗೆ ಅಂತ ಫೋನಲ್ಲೇ ಹೇಳ್ತೀನಿ."

ಬುಧವಾರ ಚಿಕ್ಕಬೋರ ಹೋದ. ನಿಂಗರಾಜಣ್ಣ ಬಾಚಣಿಗೆಯಷ್ಟುದ್ದದ ಹಸಿರು ಪಟ್ಟಿ ಕೊಟ್ಟ. "ಕೈಯಲ್ಲಿ ಹಿಡ್ಕೋಬೇಡ, ಬೆವರು ತಾಗ್ತದೆ."

ಕೈಯಲ್ಲಿ ಹಿಡ್ಕೋಬೇಡ ಅಂದಮೇಲೆ ಹಿಡ್ಕೊಂಡಾನೆಯೇ? ಕಿವಿಗೆ ಸಿಕ್ಕಿಸಿಕೊಂಡ. ದಾರೀಲಿ ನಲ್ಲಿ ಕಂಡ, ನೀರು ಕುಡಿಯೋಕೆ ಬಗ್ಗಿದ. ಪಟ್ಟಿ ಪುಳಕ್ ಅಂತ ಚರಂಡಿಗೆ!

"ಕಿವಿಗೆ ಸಿಕ್ಕಿಸೋಕೆ ಅದೇನು ಬೀಡಿಯೇನೋ!" ಅಂತ ಸಣ್ಣತಾಯಮ್ಮ ಕೂಗಿದಳು. "ಪೆದ್ದು ಮುಂಡೇದೇ! ಬಟ್ಟೇಲಿ ಸುತ್ತಿ, ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು, ಯಾರು ಏನಂದರೂ ಬಿಚ್ಚದೆ ತರಬೇಕಿತ್ತು!"

"ಆಗಲಿ ಕಣವ್ವ. ಇನ್ನು ಹಂಗೇ ಮಾಡ್ತೀನಿ."

ಗುರುವಾರ ಆಕೆ ಅಂದಳು: "ಪಟ್ಟಿ ನಿನ್ನ ಕೈಗೆ ಬೇಡ. ನಿಂಗರಾಜಣ್ಣನ್ನೇ ಕರ್ಕೊಂಡು ಬಾ."

ಚಿಕ್ಕಬೋರ ಹೋದ. ಹೆಗಲ ಮೇಲಿನ ಪಂಚೆ ಬಿಚ್ಚಿದ. ನಿಂಗರಾಜಣ್ಣನ್ನ ಸುತ್ತಿದ. ಸೊಂಟಕ್ಕೆ ಬಿಗಿದ. ಹೊರಟೇಬಿಟ್ಟ!

"ಲೇ ಲೇ ಲೇ! ಬಿಚ್ಚೋ!"

"ಬಿಚ್ಚಲ್ಲ ಕಣಣ್ಣ."

"ಉಸಿರು ಕಟ್ತದೆ ಕಣೋ!"

"ಯಾರು ಏನಂದರೂ ಬಿಚ್ಚಬೇಡ ಅಂದವ್ಳೆ ಅವ್ವ."

ಬಸ್ಸು ಹತ್ತಿದರೆ ಕಂಡಕ್ಟರು ನೋಡಿದ, ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದ. "ಇದು ಲಗೇಜೋ ಪ್ಯಾಸೆಂಜರೋ?"

"ರಿಪೇರಿ!" ಅಂದ ಚಿಕ್ಕಬೋರ.

ಮನೆ ಮುಟ್ಟೋ ಹೊತ್ತಿಗೆ ನಿಂಗರಾಜಣ್ಣನ ಮೀಸೆ ಒಂದು ಕಡೆ, ಚಪ್ಪಲಿ ಒಂದು ಕಡೆ. "ಪಟ್ಟಿ ಎತ್ತಿಕೊಳ್ಳೋಕೂ ಬಿಡಲಿಲ್ಲ ಕಣಮ್ಮ ಇವನು!" ಅಂತ ಬಯ್ದ. ಆಮೇಲೆ ಅವನಿಗೇ ನಗು ಬಂತು. ಹಳೇ ಕಂಪ್ಯೂಟರು ಬಿಚ್ಚಿದ, ಸೇರು ಧೂಳು ಕೊಡವಿದ. "ನಾಳೆ ಆಟೋದಲ್ಲಿ ಒಂದು ಹೊಸ ಕಂಪ್ಯೂಟರ್ ಕಳಿಸ್ತೀನಿ. ಪಟ್ಟಿ ತಗೊಂಡು ಹಿಂದೇನೇ ನಾನೂ ಬತ್ತೀನಿ. ಎರಡೂ ನೋಡು, ಆಮೇಲೆ ಯಾವುದು ಅಂತ ತೀರ್ಮಾನ ಮಾಡು" ಅಂತ ಹೇಳಿ ಹೋದ.

ಸಣ್ಣತಾಯಮ್ಮ ಮಗನ ಕಿವಿ ಹಿಂಡಿದಳು. "ಮನೆಗೆ ಬರೋರನ್ನ ಮೂಟೆ ಕಟ್ತಾರೇನೋ? ಬಾಗಿಲಲ್ಲಿ ನಿಂತು ಬನ್ನಿ ಅನ್ನಬೇಕು. ಕಾಲಿಗೆ ನೀರು ಕೊಡಬೇಕು. ಚಾಪೆ ಹಾಕಬೇಕು. ಹೊಟ್ಟೆ ತಣ್ಣಗಾಗೋ ಹಂಗೆ ಮಜ್ಜಿಗೆ ಕೊಡಬೇಕು!"

"ಆಗಲಿ ಕಣವ್ವ. ಇನ್ನು ಹಂಗೇ ಮಾಡ್ತೀನಿ."

ಶುಕ್ರವಾರ ಬೆಳಿಗ್ಗೆ ಸಣ್ಣತಾಯಮ್ಮ ನೀಲಿ ದಾರ ತರೋಕೆ ಹೋಗಿದ್ದಳು. ಆಟೋ ಬಂತು. ಹೊಸ ಕಂಪ್ಯೂಟರು ಇಳಿಯಿತು. ಚಿಕ್ಕಬೋರ ಬಾಗಿಲಲ್ಲಿ ನಿಂತು ಕೈ ಮುಗಿದ.

"ಬನ್ನಿ ಬನ್ನಿ! ಮನೇಲೆಲ್ಲ ಚೆನ್ನಾಗವ್ರಾ?"

ಅದು ಮಾತಾಡಲಿಲ್ಲ. ಪಾಪ, ದಣಿದಿದೆ ಅಂದುಕೊಂಡ. ಅಡಿಯಲ್ಲಿ ನಾಲ್ಕು ಪುಟ್ಟ ಕಾಲಿದ್ದವು. ನಾಲ್ಕಕ್ಕೂ ನೀರು ಹಾಕಿದ. ಚಾಪೆ ಮೇಲೆ ಕೂರಿಸಿದ. ಚೊಂಬು ತುಂಬ ಮಜ್ಜಿಗೆ ತಂದು ಬಾಯಿ ಹುಡುಕಿದ. ಮಗ್ಗುಲಲ್ಲಿ ಸಾಲು ಸಾಲು ಸೀಳು!

"ಅಬ್ಬಬ್ಬ, ಎಷ್ಟು ಬಾಯಿ! ಎಷ್ಟು ಬಾಯಾರಿಕೆಯೋ!"

ಒಂದು ಬಾಯಿಗೂ ಮೋಸ ಮಾಡಲಿಲ್ಲ. ಇಂಗು, ಕರಿಬೇವು ಹಾಕಿದ ಮಜ್ಜಿಗೆ ಪೂರ್ತಿ ಇಳೀತು. ಆಮೇಲೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದ. ಚಿರ್ ಅಂತು, ಡಬ್ ಅಂತು, ಒಗ್ಗರಣೆ ವಾಸನೆ ಬಂತು, ಮುಗೀತು!

ಸಣ್ಣತಾಯಮ್ಮ ಬಂದವಳೇ ದಾರದುಂಡೆ ಎಸೆದು ಕೂತುಬಿಟ್ಟಳು. "ಯಂತ್ರಕ್ಕೆ ಮಜ್ಜಿಗೆ ಕುಡಿಸಿದೆಯೇನೋ! ಮನುಷ್ಯರಿಗೆ ಮಾಡೋ ಉಪಚಾರ ಕಣೋ ಅದು! ಒದ್ದೆಯಾದ ಮೇಲೆ ಗುಂಡಿ ಬೇರೆ ಒತ್ತಿದ್ದೀಯ! ಒದ್ದೆ ಕಂಡ ತಕ್ಷಣ ಅಕ್ಕಿಯೊಳಗೆ ಹೂತು, ಎರಡು ದಿನ ಅಲ್ಲಾಡಿಸದೆ ಬಿಡಬೇಕಿತ್ತು. ಹೋಗಿ ಹಾಕು, ಇನ್ನಾದರೂ ಹಾಕು!"

"ಆಗಲಿ ಕಣವ್ವ. ಇನ್ನು ಹಂಗೇ ಮಾಡ್ತೀನಿ."

ಪಡಸಾಲೆಯಲ್ಲಿ ಅಕ್ಕಿ ತುಂಬಿಡೋ ಎದೆಯೆತ್ತರದ ತೊಂಬೆ. ಅದರೊಳಗೆ ಹೊಸ ಕಂಪ್ಯೂಟರು ಹೋಯಿತು.

ಹಿಂದೇನೇ ನಿಂಗರಾಜಣ್ಣ ಬಂದ. ತೊಂಬೆಯೊಳಗೆ ಬಗ್ಗಿ ನೋಡಿದ. "ಅಲ್ಲೇ ಮಲಗಿರಲಿ. ಎದ್ದರೆ ನನ್ನದು, ಸತ್ತರೆ ನಿಮ್ಮದು. ಹೊಸದರ ಮಾತು ಮುಗೀತು ಕಣಮ್ಮ." ಹಳೇದರೊಳಗೆ ಪಟ್ಟಿ ಸಿಕ್ಕಿಸಿ ಗುಂಡಿ ಒತ್ತಿದ. ಸಣ್ಣತಾಯಮ್ಮ ಕಣ್ಣು ಮುಚ್ಚಿ ದೇವರನ್ನ ನೆನೆದಳು. ಅರ್ಧ ದೇವರು ನೆನೆಯೋ ಅಷ್ಟರಲ್ಲಿ ಕಂಪ್ಯೂಟರು ಎದ್ದು ಕೂತಿತ್ತು! ಅತ್ತೆಯ ನವಿಲು ಪರದೆ ಮೇಲೆ ಕತ್ತು ಕೊಂಕಿಸಿತು.

"ಹಳೇದೇ ಗೆದ್ದಿತು!" ಅಂತ ನಗ್ತಾ ಅವನು ಪೇಟೆಗೆ ಹೋದ. ಸಣ್ಣತಾಯಮ್ಮ ಮಿಷನ್ನಿನ ಮುಂದೆ ಕೂತಳು. ಕರಕರಕರಕರ! ಒಂದು ಗರಿ, ಹತ್ತು ಗರಿ. ಇನ್ನು ಅರ್ಧ ನವಿಲು ಬಾಕಿ.

ಅಷ್ಟರಲ್ಲಿ ಜವನಮ್ಮ ಬಂದಳು. ಹೇಳಿದ್ದು ಸಂಜೆ, ಬಂದದ್ದು ಮೂರು ಗಂಟೆಗೆ. ಮದುವೆ ಮನೆ ಆತುರ!

ಸಣ್ಣತಾಯಮ್ಮ ಮಿಷನ್ನು ಬಿಡದೆ ಕೂಗಿದಳು: "ಮಗಾ, ಒಳಗೆ ಬಿಡಬೇಡ. ಅಲ್ಲೇ ಉಪಚಾರ ಮಾಡ್ತಾ ಇರು!"

ಚಿಕ್ಕಬೋರ ಓಡಿದ. "ಬನ್ನಿ ದೊಡ್ಡವ್ವ! ಕಾಲಿಗೆ ನೀರು!" ಈ ಸಲ ಮನುಷ್ಯರಿಗೇ ಕೊಟ್ಟ. ಎಲ್ಲ ಸರಿಯಾಗಿತ್ತು.

"ಪರವಾಗಿಲ್ಲವೇ, ಹುಡುಗನಿಗೆ ನಡತೆ ಬಂದಿದೆ!" ಅಂತ ಜವನಮ್ಮ ಕಾಲು ತೊಳೆದುಕೊಂಡಳು.

ಚಿಕ್ಕಬೋರ ಆಕೆಯ ಕಾಲು ನೋಡಿದ. ತೊಟ್ಟಿಕ್ಕುತ್ತಿತ್ತು.

"ಒದ್ದೆ!" ಅಂತ ಕಿರುಚಿದ. ಜವನಮ್ಮನ್ನ ಅನಾಮತ್ತು ಎತ್ತಿದ. ತೊಂಬೆಯೊಳಗೆ ಕುಕ್ಕರುಗಾಲಲ್ಲಿ ಕೂರಿಸಿದ. ಅಕ್ಕಿ ಎಳೆದು ಕತ್ತಿನ ತನಕ ಹೂತ!

"ಲೇ ಪಾಪಿ! ತೆಗೆಯೋ!"

"ಅಲ್ಲಾಡಬೇಡ ದೊಡ್ಡವ್ವ! ಎರಡೇ ದಿನ!"

"ನಾಳೆ ನನ್ನ ಮಗಳ ಧಾರೆ ಕಣೋ!"

"ಧಾರೆಗಿಂತ ಜೀವ ದೊಡ್ಡದು! ಒಬ್ಬಳೇ ಅಂತ ಬೇಜಾರು ಮಾಡ್ಕೋಬೇಡ. ಪಕ್ಕದಲ್ಲೇ ಹೊಸ ಕಂಪ್ಯೂಟರೂ ಐತೆ!"

ಜವನಮ್ಮ ಬಯ್ದಳು. ಏಳೂರಿನ ಬೈಗುಳ ಮುಗಿದು ಎಂಟನೇ ಊರಿಂದ ಸಾಲ ತಂದು ಬಯ್ದಳು. ಒಳಗೆ ಮಿಷನ್ನಿನ ಕರಕರದಲ್ಲಿ ಸಣ್ಣತಾಯಮ್ಮನಿಗೆ ಒಂದೂ ಕೇಳಲಿಲ್ಲ. ಕೊನೇ ಗರಿ ಬಿತ್ತು, ದಾರ ಕತ್ತರಿಸಿದಳು, ರವಿಕೆ ಹಿಡಿದು ಹೊರಗೆ ಬಂದಳು. ನೋಡಿದರೆ ತೊಂಬೆ ತುಂಬ ಅಕ್ಕಿ, ಅಕ್ಕಿ ಮೇಲೆ ಜವನಮ್ಮನ ತಲೆ!

ತಲೆ ಬಯ್ಯೋಕೆ ಬಾಯಿ ತೆರೆಯಿತು. ರವಿಕೆ ಬೆನ್ನಿನ ನವಿಲು ಕಂಡಿತು. ತೆರೆದ ಬಾಯಿ ತೆರೆದೇ ಉಳಿಯಿತು.

"ಅಯ್ಯೋ ನನ್ನ ಚಿನ್ನ, ಏನು ನವಿಲೇ ಇದು! ತತ್ತಾರೇ ಇಲ್ಲಿ!" ಜವನಮ್ಮನ ಕಣ್ಣು ತುಂಬಿ ಬಂತು. ಸಣ್ಣತಾಯಮ್ಮ ಅಕ್ಕಿಯೊಳಗೆ ಕೈ ತೂರಿಸಿ ಆಕೆಯನ್ನ ಮೇಲಕ್ಕೆ ಎಳೆಯೋಕೆ ಹೋದಳು.

"ಬೇಡ ಕಣವ್ವ, ಮುಟ್ಟಬೇಡ!" ಚಿಕ್ಕಬೋರ ಅಡ್ಡ ಬಂದ. "ದೊಡ್ಡವ್ವನ ಕಣ್ಣು ಒದ್ದೆಯಾಯ್ತು!"

ಅಂದವನೇ ಮೊರದ ತುಂಬ ಅಕ್ಕಿ ಬಾಚಿ ಜವನಮ್ಮನ ತಲೆ ಮೇಲೆ ಸುರಿದ. ಲೋಕದಲ್ಲೆಲ್ಲ ಮದುಮಗಳಿಗೆ ಅಕ್ಷತೆ ಬೀಳ್ತದೆ. ಹೊಂಗೆಮಾಳದಲ್ಲಿ ಮಾತ್ರ ಒಂದು ದಿನ ಮೊದಲೇ ಮದುಮಗಳ ತಾಯಿಗೆ ಬಿತ್ತು. ಅದೂ ಮೂರು ಸೇರು!